ರೂಲೆಟ್: ಮೊದಲು ಸೊನ್ನೆ ಎಣಿಸಿ, ಆಮೇಲೆ ಚಿಪ್ ಇಡಿ

ಕ್ಯಾಸಿನೊಗಳಲ್ಲಿ ಚಕ್ರ ತಿರುಗಿಸಿ ಆಡುವ ಜೂಜು ರೂಲೆಟ್. ಅದರ ಟೇಬಲ್ಲಿನ ಹತ್ತಿರ ಹೋದವರ ಕಣ್ಣು ಮೊದಲು ಓಡುವ ಚೆಂಡಿನ ಮೇಲೆ ಬೀಳುತ್ತದೆ. ಬೀಳಬೇಕಾದದ್ದು ಹಸಿರು ಗುಳಿಗಳ ಮೇಲೆ. ದೊಡ್ಡ ಚಕ್ರ ಎಲ್ಲಿಯದೇ ಇರಲಿ, 1ರಿಂದ 36ರವರೆಗೆ 18 ಕೆಂಪು, 18 ಕಪ್ಪು ಗುಳಿಗಳು ಇದ್ದೇ ಇರುತ್ತವೆ. ಬದಲಾಗುವುದು ಹಸಿರು ಮಾತ್ರ, ಅಂದರೆ ಸೊನ್ನೆಗಳು. ಒಂದು ಸೊನ್ನೆ ಇದ್ದರೆ ಅದು ಯುರೋಪಿನ ಚಕ್ರ, 0 ಮತ್ತು 00 ಎರಡೂ ಇದ್ದರೆ ಅಮೆರಿಕದ್ದು. ಈಚೆಗೆ ಮೂರು ಸೊನ್ನೆಯವೂ ಬಂದಿವೆ. ಆಟ ಎಷ್ಟು ದುಬಾರಿ ಎಂಬುದು ನೀವು ಒಂದು ಚಿಪ್ (ಹಣದ ಬದಲಿನ ಬಿಲ್ಲೆ) ಇಡುವುದಕ್ಕೂ ಮೊದಲೇ ಆ ಎಣಿಕೆಯಲ್ಲಿ ನಿಕ್ಕಿಯಾಗಿರುತ್ತದೆ.

ಲೆಕ್ಕ ಬಹಳ ಸುಲಭ, ಒಮ್ಮೆ ಕೈಯಾರೆ ಮಾಡಿ ನೋಡಿ. ಒಂದು ಸೊನ್ನೆಯ ಚಕ್ರದಲ್ಲಿ 37 ಗುಳಿಗಳಿವೆ. ಎಲ್ಲ 37ರ ಮೇಲೂ ಒಂದೊಂದು ಚಿಪ್ ಇಟ್ಟಿರಿ ಅಂದುಕೊಳ್ಳಿ. ಯಾವುದೋ ಒಂದು ಸಂಖ್ಯೆ ಬಂದೇ ಬರುತ್ತದೆ. ಗೆದ್ದ ಸಂಖ್ಯೆಗೆ ಒಂದಕ್ಕೆ 35 ಕೊಡುತ್ತಾರೆ, ಇಟ್ಟ ಚಿಪ್ಪೂ ನಿಮ್ಮದೇ. ಹಾಗಾಗಿ 37 ಇಟ್ಟು 36 ವಾಪಸ್. ಹೋದದ್ದು 37ರಲ್ಲಿ ಒಂದು, ಅಂದರೆ 2.70%. ಇದೇ ಕ್ಯಾಸಿನೊದ ಕಡಿತ. ಎರಡು ಸೊನ್ನೆಯ ಚಕ್ರದಲ್ಲಿ 38 ಇಟ್ಟರೂ ಸಿಗುವುದು 36, ಕಡಿತ 5.26%. ಮೂರು ಸೊನ್ನೆಗೆ 39 ಇಟ್ಟು 36, ಕಡಿತ 7.69%. ಗುಳಿ ಹೆಚ್ಚಿದರೂ ಪಾವತಿ ಹೆಚ್ಚುವುದಿಲ್ಲ. ರೂಲೆಟ್‌ನ ಇಡೀ ವ್ಯಾಪಾರ ಇಷ್ಟೇ.

ಇದು ಜೇಬಿಗೆ ತಟ್ಟುವುದು ಹೇಗೆ ಅಂದರೆ: ಗಂಟೆಗೆ 40 ಸುತ್ತು, ಸುತ್ತಿಗೆ 10 ಚಿಪ್, ಒಟ್ಟು ಓಡಾಡುವುದು 400 ಚಿಪ್. ಸರಾಸರಿಯಲ್ಲಿ ಒಂದು ಸೊನ್ನೆಯ ಟೇಬಲ್ಲಿನಲ್ಲಿ ಗಂಟೆಗೆ ಸುಮಾರು 11 ಚಿಪ್ ಹೋಗುತ್ತವೆ, ಎರಡು ಸೊನ್ನೆಯಲ್ಲಿ 21, ಮೂರರಲ್ಲಿ 31. ಆಟ ಒಂದೇ, ಖುಷಿಯೂ ಒಂದೇ, ಬೆಲೆ ಸುಮಾರು ಮೂರು ಪಟ್ಟು.

ಸೊನ್ನೆ ಎಲ್ಲಿಂದ ಬಂತು

ಫ್ರೆಂಚಿನಲ್ಲಿ ರೂಲೆಟ್ ಅಂದರೆ ಪುಟ್ಟ ಚಕ್ರ. ಬ್ಲೇಸ್ ಪಾಸ್ಕಲ್ ನಿರಂತರ ಚಲಿಸುವ ಯಂತ್ರ ಮಾಡಹೋಗಿ ಈ ಚಕ್ರವನ್ನು ಕಂಡುಹಿಡಿದ ಎಂಬ ಕಥೆ ಎಲ್ಲೆಡೆ ಸಿಗುತ್ತದೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ಪಾಸ್ಕಲ್ 1658ರಲ್ಲಿ ‘ರೂಲೆಟ್‌ನ ಇತಿಹಾಸ’ ಎಂಬ ಬರಹ ಪ್ರಕಟಿಸಿದ್ದಂತೂ ನಿಜ. ಆದರೆ ಅದು ಜೂಜಿನ ಕುರಿತದ್ದಲ್ಲ. ಉರುಳುವ ಚಕ್ರದ ಅಂಚಿನಲ್ಲಿರುವ ಒಂದು ಬಿಂದು ಗಾಳಿಯಲ್ಲಿ ಬಿಡಿಸುವ ಕಮಾನು, ಅಂದರೆ ಸೈಕ್ಲಾಯ್ಡ್, ಅದಕ್ಕೂ ಆ ಕಾಲದ ಫ್ರೆಂಚರು ರೂಲೆಟ್ ಎಂದೇ ಕರೆಯುತ್ತಿದ್ದರು. ಕಥೆಗೆ ಈ ಹೆಸರಿನ ಗೊಂದಲ ಇಂಬು ಕೊಟ್ಟಿರುವಂತಿದೆ.

ಹಿಂದಿನ ಆಟಗಳನ್ನು ಗಮನಿಸಿದರೆ ಇಂದಿನ ಟೇಬಲ್ಲಿನ ಒಂದೊಂದು ಭಾಗವೂ ಗುರುತು ಸಿಗುತ್ತದೆ. ಇಟಲಿಯಿಂದ ಹರಡಿದ ಬಿರಿಬಿಯಲ್ಲಿ ಚಕ್ರವೇ ಇರಲಿಲ್ಲ. ಸಂಖ್ಯೆ ಬರೆದ ಹಾಸಿನ ಮೇಲೆ ಹಣ ಇಡುವುದು, ಚೀಲದಿಂದ ಒಂದು ಸಂಖ್ಯೆ ಎತ್ತುವುದು. 70 ಸಂಖ್ಯೆ, ಗೆದ್ದರೆ 64 ಪಟ್ಟು. ಸಂಖ್ಯೆಗಳ ಹಾಸು ಅಲ್ಲಿಯ ನೆನಪು. ಇಂಗ್ಲೆಂಡಿನ ಸಮ-ಬೆಸ ಆಟದಲ್ಲಿ ಚಕ್ರವಿತ್ತು, ಚೆಂಡಿತ್ತು, ಸಂಖ್ಯೆಗಳಿರಲಿಲ್ಲ. ಗುಳಿಗಳ ಮೇಲೆ ‘ಇ’ ಅಥವಾ ‘ಒ’ ಎಂಬ ಇಂಗ್ಲಿಷ್ ಅಕ್ಷರ ಮಾತ್ರ. ಬ್ಯಾಂಕಿಗೆಂದು, ಅಂದರೆ ಆಟ ನಡೆಸುವವರಿಗೆಂದು, ಮೀಸಲಾದ ಗುಳಿಗಳೂ ಇದ್ದವು, ಸೊನ್ನೆಯ ಪೂರ್ವಜರು ಇವೇ. ಅದರ ಜೊತೆಯ ರೋಲಿ-ಪೋಲಿ ಎಂಬ ಆಟವನ್ನು ಇಂಗ್ಲೆಂಡ್ 1745ರ ಕಾಯ್ದೆಯಲ್ಲಿ ನಿಷೇಧಿಸಿತು. 1758ರಲ್ಲಿ ಇಂದಿನ ಕೆನಡಾದ ಭಾಗವಾಗಿರುವ ನೂತನ ಫ್ರಾನ್ಸ್ ವಸಾಹತಿನ ನಿಷೇಧಿತ ಆಟಗಳ ಪಟ್ಟಿಯಲ್ಲಿ ದಾಳಗಳ ಜೊತೆಗೆ ರೂಲೆಟ್ ಹೆಸರೂ ಇದೆ.

1796ರ ಹೊತ್ತಿಗೆ ಪ್ಯಾರಿಸ್ಸಿನ ಪಲೇ ರೋಯಾಲ್‌ನಲ್ಲಿ ಇಂದಿಗೂ ಗುರುತು ಹಿಡಿಯಬಹುದಾದ ರೂಪದ ಆಟ ನಡೆಯುತ್ತಿತ್ತು. ಆ ಚಕ್ರದಲ್ಲಿ 0 ಕೆಂಪು, 00 ಕಪ್ಪು. ಗಮನಿಸಿ, ಎರಡು ಸೊನ್ನೆ ಅಮೆರಿಕದವರು ಸೇರಿಸಿದ್ದಲ್ಲ, ಫ್ರಾನ್ಸಿನಿಂದ ಹೋದಾಗಲೇ ಇತ್ತು. ಕೆಂಪಿನ ಮೇಲೆ ಹಣ ಇಟ್ಟವನಿಗೆ ಕೆಂಪು ಸೊನ್ನೆ ಬಂದರೆ ಜಗಳ ಗ್ಯಾರಂಟಿ. ಅದಕ್ಕೇ ಮುಂದೆ ಸೊನ್ನೆಗಳಿಗೆ ಹಸಿರು ಬಂತು.

1843ರಲ್ಲಿ ಫ್ರಾಂಸ್ವಾ ಮತ್ತು ಲೂಯಿ ಬ್ಲಾಂ ಎಂಬ ಸೋದರರು ಜರ್ಮನಿಯ ಹೊಂಬುರ್ಗ್‌ನಲ್ಲಿ ಒಂದೇ ಸೊನ್ನೆಯ ಚಕ್ರ ತಂದರು. ಎರಡು ಸೊನ್ನೆಯ ಕಡೆ ಹೋಗುತ್ತಿದ್ದ ಗಿರಾಕಿಗಳನ್ನು ಸೆಳೆಯಲು ಕಡಿತವನ್ನು ಅರ್ಧದಷ್ಟು ಇಳಿಸಿದರು. 1863ರಲ್ಲಿ ಫ್ರಾಂಸ್ವಾ ಮೊನಾಕೊದಲ್ಲಿ ಪರವಾನಗಿ ಪಡೆದ. 1872ರ ಕೊನೆಗೆ ಜರ್ಮನಿ ಜೂಜಿನ ಮನೆಗಳನ್ನೇ ಮುಚ್ಚಿದಾಗ ಮೊನಾಕೊದ ಮಾಂಟೆ ಕಾರ್ಲೊ ಈ ಆಟದ ರಾಜಧಾನಿಯಾಯಿತು, ಒಂದು ಸೊನ್ನೆ ಯುರೋಪಿನ ರೂಢಿಯಾಯಿತು. 1ರಿಂದ 36ರವರೆಗಿನ ಸಂಖ್ಯೆಗಳನ್ನು ಕೂಡಿದರೆ 666 ಬರುತ್ತದೆ, ಕ್ರೈಸ್ತ ನಂಬಿಕೆಯಲ್ಲಿ ಅದು ಸೈತಾನನ ಸಂಖ್ಯೆ. ಬ್ಲಾಂ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದ ಎಂಬ ಐತಿಹ್ಯ ಹುಟ್ಟಿದ್ದು ಅದರಿಂದ.

ಅಮೆರಿಕಕ್ಕೆ ಆಟ ನ್ಯೂ ಆರ್ಲಿಯನ್ಸ್ ಮೂಲಕ ಹೋಯಿತು. ಅಲ್ಲಿ 28 ಸಂಖ್ಯೆ, 0, 00, ಜೊತೆಗೆ ಹದ್ದಿನ ಚಿತ್ರದ ಒಂದು ಗುಳಿ, ಒಟ್ಟು 31 ಗುಳಿಗಳ ಚಕ್ರವೂ ಓಡಿತು. ಹದ್ದು ಅಂದರೆ ಅದೂ ಒಂದು ಸೊನ್ನೆಯೇ. ಅದು ಅಳಿಯಿತು, 0 ಮತ್ತು 00 ಉಳಿದವು. ಹದ್ದಿನ ಜಾಗವನ್ನು ಮೂರನೆಯ ಸೊನ್ನೆ 2016ರಿಂದ ಲಾಸ್ ವೇಗಸ್‌ನಲ್ಲಿ ತುಂಬತೊಡಗಿತು.

ಚಕ್ರವನ್ನು ಓದುವುದು

ಸಂಖ್ಯೆಗಳು ಚಕ್ರದಲ್ಲಿ ಚೆಲ್ಲಾಪಿಲ್ಲಿ ಕಂಡರೂ ಬೇಕೆಂದೇ ಹಾಗೆ ಜೋಡಿಸಿದವು. ಯುರೋಪಿನ ಚಕ್ರದಲ್ಲಿ 0ಯಿಂದ ಗಡಿಯಾರದ ದಿಕ್ಕಿನಲ್ಲಿ ಹೊರಟರೆ 32, 15, 19, 4, 21, 2, 25, 17, 34, 6, 27, 13, 36, 11, 30, 8, 23, 10, 5, 24, 16, 33, 1, 20, 14, 31, 9, 22, 18, 29, 7, 28, 12, 35, 3, 26, ಮತ್ತೆ 0. ಕೆಂಪು, ಕಪ್ಪು ಒಂದು ಬಿಟ್ಟು ಒಂದು. 18ರವರೆಗಿನ ಚಿಕ್ಕ ಸಂಖ್ಯೆ, ಅದಕ್ಕಿಂತ ದೊಡ್ಡದು, ಇವೂ ಒಂದು ಬಿಟ್ಟು ಒಂದು. ಎರಡು ಚಿಕ್ಕವು ಅಕ್ಕಪಕ್ಕ ಕೂತಿರುವುದು ಒಂದೇ ಕಡೆ, 10 ಮತ್ತು 5. ಅಮೆರಿಕದ ಚಕ್ರದ ಸೂತ್ರ ಬೇರೆ: ಪ್ರತಿ ಬೆಸ ಸಂಖ್ಯೆಯ ನೇರ ಎದುರಿಗೆ ಅದರ ಮುಂದಿನ ಸಮ ಸಂಖ್ಯೆ. 1ರ ಎದುರು 2, 13ರ ಎದುರು 14, ಹಾಗೆಯೇ 0ಯ ಎದುರು 00. ಸೊನ್ನೆ ಹುಡುಕುವಾಗ ಎದುರು ಬದಿಯನ್ನೂ ನೋಡಿ ಅನ್ನುವುದು ಇದಕ್ಕೇ.

ಚಕ್ರ ಎರಡು ಭಾಗದ್ದು. ಹೊರಗಿನದು ಅಲುಗದ ಬೋಗುಣಿ, ಒಳಗಿನದು ಕಂಬದ ಮೇಲೆ ತಿರುಗುವ ತಟ್ಟೆ. ಬೋಗುಣಿಯ ಮೇಲಂಚಿನಲ್ಲಿ ಚೆಂಡು ಓಡುವ ದಾರಿ. ಅದರ ಕೆಳಗಿನ ಇಳಿಜಾರಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಕೂರಿಸಿದ ಲೋಹದ ತುಂಡುಗಳು. ಇವಕ್ಕೆ ಡೈಮಂಡ್ ಅನ್ನುತ್ತಾರೆ, ಚೆಂಡಿನ ದಾರಿ ತಪ್ಪಿಸುವುದೇ ಇವುಗಳ ಕೆಲಸ. ತಟ್ಟೆಯಲ್ಲಿ ಗುಳಿಗಳು, ಗುಳಿಗಳ ನಡುವೆ ತೆಳು ತಡೆಗಳು. ಕ್ಯಾಸಿನೊ ಚಕ್ರದ ಅಗಲ ಸುಮಾರು 80 ಸೆಂಟಿಮೀಟರ್. ಚೆಂಡು ಹಿಂದೆ ದಂತದ್ದಿರುತ್ತಿತ್ತು, ಈಗ ಪ್ಲಾಸ್ಟಿಕ್ ಬಗೆಯದು, ಸುಮಾರು 20 ಮಿಲಿಮೀಟರ್ ಅಡ್ಡಳತೆ.

ಟೇಬಲ್ಲಿನಲ್ಲಿ ಆಟ ನಡೆಸುವ ಡೀಲರ್ ತಟ್ಟೆಯನ್ನು ಒಂದು ದಿಕ್ಕಿಗೆ ತಿರುಗಿಸಿ ಚೆಂಡನ್ನು ಎದುರು ದಿಕ್ಕಿಗೆ ಬಿಡುತ್ತಾರೆ. ವೇಗವಿರುವಷ್ಟು ಹೊತ್ತು ಚೆಂಡು ಅಂಚಿಗೆ ಒತ್ತಿಕೊಂಡು ಓಡುತ್ತದೆ, ವೇಗ ಇಳಿದೊಡನೆ ಒಳಕ್ಕೆ ಜಾರಿ, ಡೈಮಂಡಿಗೆ ಬಡಿದು, ತಡೆಗಳ ಮೇಲೆ ಕುಣಿದು ಗುಳಿ ಸೇರುತ್ತದೆ. ಮೂರು ನಾಲ್ಕು ಸುತ್ತೂ ಓಡದೆ ಬಿದ್ದ ಚೆಂಡನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊರಕ್ಕೆ ಹಾರಿದರೂ ಆ ಸುತ್ತು ರದ್ದು.

ಮನೆಯಲ್ಲಿ ಆಟಕ್ಕೆಂದು ಚಕ್ರ ತಂದವರಿಗೆ ಕೆಡುವ ಜಾಗ ಒಂದೇ: ಟೇಬಲ್ ಸಮತಟ್ಟಾಗಿಲ್ಲದಿರುವುದು. ಬೋಗುಣಿ ಒಂದು ಕಡೆ ಒಂಚೂರು ವಾಲಿದರೂ ಚೆಂಡು ಪ್ರತಿ ಸಲ ಎತ್ತರದ ಬದಿಯ ಹತ್ತಿರವೇ ಅಂಚು ಬಿಡತೊಡಗುತ್ತದೆ, ಒಂದೆರಡು ಡೈಮಂಡುಗಳಿಗೇ ಬಡಿಯುತ್ತದೆ. ಬೋಗುಣಿಯ ಮೇಲೆ ರಸಮಟ್ಟ ಇಟ್ಟು ನೋಡಿ, ಕಾಲು ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿ. ಕಡಿಮೆಯಾದ ಕಡೆ ಮಡಚಿದ ಕಾಗದ ಕೊಟ್ಟರೂ ಸಾಕು. ತಟ್ಟೆ ಕರಕರ ಅಂದರೆ ಕಂಬದ ತುದಿಗೆ ಒಂದು ತೊಟ್ಟು ಎಣ್ಣೆ. ಚೆಂಡಿನ ದಾರಿಗೆ ಮಾತ್ರ ಎಣ್ಣೆ ಬೇಡ, ಒಣಬಟ್ಟೆಯಲ್ಲಿ ಒರೆಸಿ.

ಚಿಪ್ ಇಡುವ ಜಾಗ

ಹಾಸಿನ ಮೇಲೆ ಸಂಖ್ಯೆಗಳು ಮೂರು ಕಂಬ, ಹನ್ನೆರಡು ಸಾಲು. ಒಂದು ಸಾಲಿನಲ್ಲಿ 1, 2, 3. ಮುಂದಿನದರಲ್ಲಿ 4, 5, 6. ತಲೆಯ ಕಡೆ ಸೊನ್ನೆ. ಚಿಪ್ ಎಲ್ಲಿ ಕೂತಿದೆ ಎಂಬುದೇ ನಿಮ್ಮ ಮಾತು. ನೀವು ಮನಸ್ಸಿನಲ್ಲಿ ಅಂದುಕೊಂಡದ್ದು ಲೆಕ್ಕಕ್ಕಿಲ್ಲ.

ಚೌಕದ ನಡುವೆ ಗೆರೆ ಮುಟ್ಟದಂತೆ ಇಟ್ಟರೆ ಒಂದು ಸಂಖ್ಯೆ, ಒಂದಕ್ಕೆ 35. ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಇಟ್ಟರೆ ಎರಡು ಸಂಖ್ಯೆಯ ಜೋಡಿ, ಒಂದಕ್ಕೆ 17. ಸಾಲಿನ ಹೊರಗೆರೆಯ ಮೇಲೆ ಇಟ್ಟರೆ ಆ ಸಾಲಿನ ಮೂರೂ, ಒಂದಕ್ಕೆ 11. ನಾಲ್ಕು ಚೌಕ ಕೂಡುವ ಮೂಲೆಯಲ್ಲಿ ನಾಲ್ಕೂ, ಒಂದಕ್ಕೆ 8. ಎರಡು ಸಾಲುಗಳ ನಡುವಿನ ಗೆರೆ ಹೊರಗೆರೆಗೆ ಸೇರುವಲ್ಲಿ ಆರು ಸಂಖ್ಯೆ, ಒಂದಕ್ಕೆ 5. ಹೊರಗಿನ ಪಟ್ಟಿಯಲ್ಲಿ ಹನ್ನೆರಡು ಸಂಖ್ಯೆಯ ಡಜನ್ ಮತ್ತು ಕಂಬ, ಒಂದಕ್ಕೆ 2. ಕೆಂಪು-ಕಪ್ಪು, ಸಮ-ಬೆಸ, 1–18, 19–36 ಇವಕ್ಕೆ ಒಂದಕ್ಕೆ ಒಂದು. ಸೊನ್ನೆ ಬಂದರೆ ಹೊರಗಿನವೆಲ್ಲ ಹೋದವು. ಸೊನ್ನೆ ಕ್ಯಾಸಿನೊದ ಲೆಕ್ಕದಲ್ಲಿ ಸಮವೂ ಅಲ್ಲ, ಬೆಸವೂ ಅಲ್ಲ.

ಇದನ್ನು ಕೈಗೆ ಹಿಡಿಸಿಕೊಳ್ಳಲು ಒಂದೇ ಸಂಖ್ಯೆಯ ಸುತ್ತ ಪೂರ್ತಿ ಕಟ್ಟುವುದನ್ನು ಕಲಿಯಿರಿ. 17 ತೆಗೆದುಕೊಳ್ಳಿ, ಅದು ನಡುಗಂಬದಲ್ಲಿದೆ. ಅದರ ಮೇಲೆ ನೇರ ಒಂದು ಚಿಪ್. ಸುತ್ತಲಿನ 14, 16, 18, 20ರ ಗೆರೆಗಳ ಮೇಲೆ ನಾಲ್ಕು ಜೋಡಿ. ನಾಲ್ಕು ಮೂಲೆಗಳಲ್ಲಿ ನಾಲ್ಕು. 16-17-18ರ ಸಾಲಿಗೆ ಒಂದು. 13ರಿಂದ 18 ಮತ್ತು 16ರಿಂದ 21, ಈ ಆರರ ಗುಂಪುಗಳಿಗೆ ಎರಡು. ಒಟ್ಟು 12 ಚಿಪ್. 17 ಬಂದರೆ ನೇರಕ್ಕೆ 35, ಜೋಡಿಗಳಿಗೆ 17ರಂತೆ 68, ಮೂಲೆಗಳಿಗೆ 8ರಂತೆ 32, ಸಾಲಿಗೆ 11, ಆರರ ಗುಂಪುಗಳಿಗೆ 10. ಕೂಡಿದರೆ 156, ಇಟ್ಟ 12 ಹಾಸಿನ ಮೇಲೆಯೇ ಉಳಿಯುತ್ತವೆ. ಡೀಲರ್ ಇಷ್ಟನ್ನೂ ಕ್ಷಣದಲ್ಲಿ ಹೇಳುವುದು 17ರ ಮತ್ತು 35ರ ಮಗ್ಗಿ ಬಾಯಿಪಾಠವಿರುವುದರಿಂದ. ಇದೇ 12 ಚಿಪ್ಪಿಗೆ 18 ಬಂತು ಅಂದುಕೊಳ್ಳಿ. 17-18ರ ಜೋಡಿಗೆ 17, ಎರಡು ಮೂಲೆಗೆ 16, ಸಾಲಿಗೆ 11, ಆರರ ಗುಂಪುಗಳಿಗೆ 10, ಒಟ್ಟು 54. ಸೋತ ಆರು ಚಿಪ್ ಹೋಗುತ್ತವೆ. ಈ ಎರಡು ಲೆಕ್ಕ ಬಾಯಿಗೆ ಬಂದವರಿಗೆ ಹಾಸಿನಲ್ಲಿ ಮತ್ತೇನೂ ಗೋಜಲಾಗುವುದಿಲ್ಲ.

ಅಮೆರಿಕದ ಹಾಸಿನಲ್ಲಿ ಒಂದು ಜಾಗದಿಂದ ಮಾತ್ರ ದೂರವಿರಿ: 0, 00, 1, 2, 3 ಐದನ್ನೂ ಒಟ್ಟಿಗೆ ಹಿಡಿಯುವ ಮೂಲೆ. 36 ಐದರಿಂದ ಭಾಗವಾಗುವುದಿಲ್ಲ, ಹಾಗಾಗಿ ಪಾವತಿಯನ್ನು ಒಂದಕ್ಕೆ 6 ಎಂದು ಕೆಳಕ್ಕೆ ಇಳಿಸಿಬಿಟ್ಟಿದ್ದಾರೆ. ಕಡಿತ 7.89%. ಎರಡು ಸೊನ್ನೆಯ ಟೇಬಲ್ಲಿನಲ್ಲಿ ಉಳಿದೆಲ್ಲ ಬಾಜಿಗೂ 5.26% ಇರುವಾಗ ಇದೊಂದೇ ಹೊರತು.

ಚಿಪ್ ಇಡುವಾಗ ಆಗುವ ತಪ್ಪು ಬಹುಪಾಲು ಕೈಯ ಅವಸರದ್ದು. ಬೇರೆಯವರ ಚಿಪ್ ಗುಡ್ಡೆಗೆ ತಗುಲಿ ನಿಮ್ಮದು ಗೆರೆಯಿಂದ ಅರ್ಧ ಬೆರಳು ಸರಿದರೆ ಜೋಡಿ ಹೋಗಿ ಒಂಟಿಯಾಗುತ್ತದೆ. ಕೈ ಎಟುಕದ ಜಾಗಕ್ಕೆ ಎಸೆಯಬೇಡಿ, ಡೀಲರ್ ಮುಂದೆ ಇಟ್ಟು ಯಾವ ಸಂಖ್ಯೆ ಅಂತ ಬಾಯಿಬಿಟ್ಟು ಹೇಳಿ. ಚೆಂಡು ಓಡುತ್ತಿರುವಾಗಲೂ ಇಡಬಹುದು. ‘ಇನ್ನು ಬಾಜಿ ಇಲ್ಲ’ ಎಂಬ ಕರೆ, ಫ್ರೆಂಚ್ ಟೇಬಲ್ಲಿನಲ್ಲಿ ‘ರಿಯಾಂ ನ ವಾ ಪ್ಲು’, ಬಂದ ಮೇಲೆ ಕೈ ಹಿಂದಕ್ಕೆ. ಗೆದ್ದ ಸಂಖ್ಯೆಯ ಮೇಲೆ ಡೀಲರ್ ಇಡುವ ಗುರುತಿನ ಗೊಂಬೆಯನ್ನು ಎತ್ತುವವರೆಗೆ ಹಾಸು ಮುಟ್ಟುವಂತಿಲ್ಲ, ಗೆದ್ದವರೂ ಕೂಡ.

ಫ್ರೆಂಚ್ ಟೇಬಲ್ ಸಿಕ್ಕರೆ

ಚಕ್ರ ಯುರೋಪಿನದೇ, ಕೆಲವು ನಿಯಮ ಹೆಚ್ಚು. ಅವು ಆಟಗಾರನ ಪರ ಇರುವುದರಿಂದ ಇಲ್ಲಿ ಕೊಂಚ ನಿಲ್ಲಬೇಕು. ಹಾಸಿನ ಮೇಲೆ 1–18ಕ್ಕೆ ಮಾಂಕ್, 19–36ಕ್ಕೆ ಪಾಸ್, ಸಮಕ್ಕೆ ಪೇರ್, ಬೆಸಕ್ಕೆ ಆಂಪೇರ್ ಎಂದಿರುತ್ತದೆ. ಚಿಪ್‌ಗಳನ್ನು ಉದ್ದ ಕೋಲಿನ ರೇಕಿನಿಂದ ಎಳೆದುಕೊಳ್ಳುತ್ತಾರೆ.

‘ಲಾ ಪಾರ್ತಾಜ್’ ಎಂಬ ನಿಯಮವಿದ್ದರೆ, ಕೆಂಪು-ಕಪ್ಪಿನಂಥ ಒಂದಕ್ಕೆ ಒಂದರ ಬಾಜಿಗಳಲ್ಲಿ ಸೊನ್ನೆ ಬಂದಾಗ ಅರ್ಧ ಹಣ ವಾಪಸ್. ಆ ಬಾಜಿಗಳ ಕಡಿತ 1.35%ಕ್ಕೆ ಇಳಿಯುತ್ತದೆ. ಮೇಲೆ ಹೇಳಿದ ಗಂಟೆಯ ಲೆಕ್ಕದಲ್ಲಿ 11 ಚಿಪ್ ಹೋಗುವಲ್ಲಿ ಐದೂವರೆ. ‘ಆಂ ಪ್ರಿಜಾಂ’ ನಿಯಮದಲ್ಲಿ ಅರ್ಧ ಕೊಡುವ ಬದಲು ನಿಮ್ಮ ಚಿಪ್ಪನ್ನು ಸೆರೆಗೆ ಹಾಕುತ್ತಾರೆ. ಮುಂದಿನ ಸುತ್ತಿನಲ್ಲಿ ಗೆದ್ದರೆ ಇಟ್ಟಷ್ಟು ಬಿಡುಗಡೆ, ಲಾಭವಿಲ್ಲ, ಸೋತರೆ ಹೋಯಿತು. ಮತ್ತೆ ಸೊನ್ನೆ ಬಂದರೆ ಏನು ಎಂಬುದು ಎಲ್ಲ ಕಡೆ ಒಂದೇ ಥರ ಇಲ್ಲ, ಕೂರುವ ಮುನ್ನ ಕೇಳಿ. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಎರಡು ಸೊನ್ನೆಯ ಟೇಬಲ್ಲುಗಳಲ್ಲೂ ಅರ್ಧ ವಾಪಸ್ಸಿನ ಇಂಥದ್ದೇ ನಿಯಮಕ್ಕೆ ಸರೆಂಡರ್ ಎಂಬ ಹೆಸರಿದೆ, ಕಡಿತ 2.63%. ಈ ಯಾವ ನಿಯಮವೂ ಒಂಟಿ ಸಂಖ್ಯೆಗೆ, ಡಜನ್ನಿಗೆ ಅನ್ವಯಿಸುವುದಿಲ್ಲ. ಫ್ರೆಂಚ್ ಟೇಬಲ್ ಹುಡುಕಿಕೊಂಡು ಹೋಗಿ ಬರೀ 17ರ ಮೇಲೆ ಕಟ್ಟಿದರೆ ಹೋದದ್ದು ವ್ಯರ್ಥ.

ಕೂಗಿ ಕಟ್ಟುವ ಬಾಜಿಗಳೂ ಇಲ್ಲಿಯವೇ. ಅವು ಹಾಸಿನ ಮೇಲಿನ ನೆರೆಹೊರೆಯ ಬದಲು ಚಕ್ರದ ಮೇಲಿನ ನೆರೆಹೊರೆಯನ್ನು ಹಿಡಿಯುತ್ತವೆ. ‘ವಾಜಾಂ’ ಅಂದರೆ ಸೊನ್ನೆಯ ಆಚೀಚೆ, 22ರಿಂದ 25ರವರೆಗೆ ಬರುವ 17 ಸಂಖ್ಯೆ, 9 ಚಿಪ್: 0-2-3ರ ಮೇಲೆ ಎರಡು, 25-26-28-29ರ ಮೂಲೆಗೆ ಎರಡು, 4-7, 12-15, 18-21, 19-22, 32-35 ಜೋಡಿಗಳಿಗೆ ಒಂದೊಂದು. ‘ತಿಯೇರ್’ ಅದರ ಎದುರು ಬದಿ, 12 ಸಂಖ್ಯೆ, 6 ಚಿಪ್: 5-8, 10-11, 13-16, 23-24, 27-30, 33-36. ಇವೆರಡರಿಂದಲೂ ಹೊರಗುಳಿದ ಎಂಟಕ್ಕೆ ‘ಆರ್ಫೆಲಾಂ’, ಅನಾಥರು ಎಂದು ಹೆಸರು, 5 ಚಿಪ್: 1ರ ಮೇಲೆ ನೇರ, 6-9, 14-17, 17-20, 31-34. 17 ಎರಡು ಜೋಡಿಯಲ್ಲಿ ಬರುತ್ತದೆ, ಕೈತಪ್ಪಲ್ಲ. ಈ ಬಾಜಿಗಳಿಂದ ಕಡಿತ ಕಮ್ಮಿಯೂ ಆಗುವುದಿಲ್ಲ, ಹೆಚ್ಚೂ ಆಗುವುದಿಲ್ಲ. ಒಂದು ಮಾತಿನಲ್ಲಿ ಒಂಬತ್ತು ಚಿಪ್ ಇಡಿಸಬಹುದು, ಅಷ್ಟೇ ಅನುಕೂಲ.

ಚಿಕ್ಕ ಚಕ್ರಗಳು, ಹೊಸ ಚಕ್ರಗಳು

ಚಿಕ್ಕದೆಂದರೆ ಅಗ್ಗವಲ್ಲ. 12 ಸಂಖ್ಯೆ ಮತ್ತು ಒಂದು ಸೊನ್ನೆಯ ಮಿನಿ ರೂಲೆಟ್‌ನಲ್ಲಿ ಒಂದಕ್ಕೆ 11 ಕೊಟ್ಟರೆ 13 ಇಟ್ಟು 12 ವಾಪಸ್, ಮೂರು ಸೊನ್ನೆಯಷ್ಟೇ ಕಡಿತ, 7.69%. ಫ್ರಾನ್ಸಿನ ಬೂಲ್ ಆಟದಲ್ಲಿ ತಿರುಗುವ ತಟ್ಟೆಯೇ ಇಲ್ಲ, ನಿಂತ ಬೋಗುಣಿಯಲ್ಲಿ ರಬ್ಬರ್ ಚೆಂಡು. 1ರಿಂದ 9ರವರೆಗಿನ ಸಂಖ್ಯೆ, ಗೆದ್ದರೆ ಒಂದಕ್ಕೆ 7. ಸೊನ್ನೆ ಎಲ್ಲಿ ಅಂತ ಹುಡುಕಿದರೆ 5ರ ವೇಷದಲ್ಲಿ ಕೂತಿದೆ: 5 ಬಂದರೆ ಹೊರಗಿನ ಬಾಜಿಗಳೆಲ್ಲ ಬ್ಯಾಂಕಿಗೆ. ಕಡಿತ 11.11%. ಆನ್‌ಲೈನ್‌ನಲ್ಲಿ ಕೆಲವು ಸಂಖ್ಯೆಗಳಿಗೆ ನೂರಾರು ಪಟ್ಟು ಕೊಡುವ ಆಟಗಳಿವೆ. ಅಲ್ಲಿ ಆ ಹೆಚ್ಚುವರಿ ಬಾರದ ಸಂಖ್ಯೆಗೆ 35 ಕೊಡುತ್ತಾರೋ 29 ಕೊಡುತ್ತಾರೋ ನೋಡಿ. ಆಸೆಯ ಹಣ ಬರುವುದು ಅಲ್ಲಿಂದಲೇ.

ಎಡವುವ ಜಾಗ

ಸೋತಾಗಲೆಲ್ಲ ದುಪ್ಪಟ್ಟು ಕಟ್ಟುವ ವಿಧಾನಕ್ಕೆ ಮಾರ್ಟಿಂಗೇಲ್ ಎಂದು ಹೆಸರು. 10ರಿಂದ ಶುರು ಮಾಡಿ, ಟೇಬಲ್ಲಿನ ಗರಿಷ್ಠ 1,000 ಇರಲಿ. 10, 20, 40, 80, 160, 320, 640: ಏಳು ಸೋಲಿಗೆ 1,270 ಹೋಯಿತು, ಎಂಟನೆಯದು 1,280 ಆಗಬೇಕು, ಗರಿಷ್ಠ ದಾಟಿತು. ಇಷ್ಟೆಲ್ಲ 10 ಗೆಲ್ಲಲು. ಒಂದು ಸೊನ್ನೆಯ ಚಕ್ರದಲ್ಲಿ ಸತತ ಏಳು ಸೋಲು ಸುಮಾರು 106 ಪ್ರಯತ್ನಕ್ಕೆ ಒಮ್ಮೆ ಬರುತ್ತದೆ, ಅಂದರೆ ಮೂರು ನಾಲ್ಕು ಸಂಜೆಯೊಳಗೆ ಬಂದರೆ ಆಶ್ಚರ್ಯವಿಲ್ಲ.

‘ಇಷ್ಟು ಹೊತ್ತಾಯಿತು, ಇನ್ನು ಕೆಂಪು ಬರಲೇಬೇಕು’ ಎಂಬ ಲೆಕ್ಕವೂ ಹೀಗೆಯೇ ಕೈಕೊಡುತ್ತದೆ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಸತತ 26 ಸಲ ಕಪ್ಪು ಬಂತು, ಕೆಂಪಿನ ಮೇಲೆ ಸುರಿದವರು ದೊಡ್ಡ ಮೊತ್ತ ಕಳೆದುಕೊಂಡರು. 26ನೆಯ ಸುತ್ತಿನಲ್ಲೂ ಕಪ್ಪಿನ ಅವಕಾಶ 37ರಲ್ಲಿ 18 ಇತ್ತು, ಮೊದಲ ಸುತ್ತಿನಲ್ಲಿದ್ದಷ್ಟೇ. ಟೇಬಲ್ಲಿನ ಪಕ್ಕದ ಫಲಕದಲ್ಲಿ ಹಿಂದೆ ಬಂದ ಸಂಖ್ಯೆಗಳನ್ನು ತೋರಿಸುತ್ತಾರಲ್ಲ, ಅದನ್ನು ನೋಡಿ ಮೋಸಹೋಗಬೇಡಿ. 37 ಸುತ್ತಾದಾಗ ಸರಾಸರಿ 13 ಸಂಖ್ಯೆಗಳು ಒಮ್ಮೆಯೂ ಬಂದಿರುವುದಿಲ್ಲ. ಇದು ಚಕ್ರ ಸರಿ ಇರುವುದರ ಲಕ್ಷಣ.

ದೋಷವಿರುವ ಚಕ್ರ ಹಿಡಿದು ಗೆದ್ದವರು ಇದ್ದಾರೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜೋಸೆಫ್ ಜಾಗರ್ ಮಾಂಟೆ ಕಾರ್ಲೊದಲ್ಲಿ ಅದನ್ನೇ ಮಾಡಿದ. ಗಣಿತಜ್ಞರಾದ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶ್ಯಾನನ್ 1961ರಲ್ಲಿ ಚೆಂಡಿನ ವೇಗ ಅಳೆಯಲು ಮೈಮೇಲೆ ಧರಿಸುವ ಪುಟ್ಟ ಕಂಪ್ಯೂಟರ್ ಕಟ್ಟಿದರು. ಇಂದು ಹಾಗೆ ಉಪಕರಣ ಒಯ್ಯುವುದು ಹಲವೆಡೆ ಅಪರಾಧ. ನಿಮ್ಮ ಸ್ವಂತ ಚಕ್ರ ಪರೀಕ್ಷಿಸಬೇಕಿದ್ದರೆ 3,700 ಸುತ್ತು ಬರೆದಿಡಿ. ಪ್ರತಿ ಸಂಖ್ಯೆ ಸರಾಸರಿ 100 ಸಲ ಬರಬೇಕು. 70ರಿಂದ 130ರ ನಡುವೆ ಎಲ್ಲಿದ್ದರೂ ಅದು ಸಹಜ ಏರಿಳಿತ. 370 ಸುತ್ತಿನಲ್ಲಿ ಒಂದು ಸಂಖ್ಯೆ 18 ಸಲ ಬಂದರೆ ಏನೂ ಹೇಳಲಾಗುವುದಿಲ್ಲ.

ಏಳುವಾಗ ಒಂದು ಕೆಲಸ ಬಾಕಿ. ಅಮೆರಿಕದ ಶೈಲಿಯ ಟೇಬಲ್ಲಿನಲ್ಲಿ ಪ್ರತಿ ಆಟಗಾರನಿಗೂ ಬೇರೆ ಬಣ್ಣದ ಚಿಪ್, ಯಾರದು ಯಾವುದೆಂಬ ಜಗಳ ಬಾರದಿರಲಿ ಅಂತ. ಆ ಚಿಪ್ ಮೇಲೆ ಬೆಲೆ ಬರೆದಿರುವುದಿಲ್ಲ, ನೀವು ಕೊಳ್ಳುವಾಗ ಹೇಳಿದ್ದೇ ಬೆಲೆ, ಅದು ಆ ಟೇಬಲ್ಲಿಗೆ ಮಾತ್ರ. ಜೇಬಿಗೆ ಹಾಕಿಕೊಂಡು ಕ್ಯಾಷ್ ಕೌಂಟರಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಎಲ್ಲವನ್ನೂ ಡೀಲರ್ ಮುಂದೆ ತಳ್ಳಿ, ಬೆಲೆ ಬರೆದ ಸಾಮಾನ್ಯ ಚಿಪ್ ಮಾಡಿಸಿಕೊಂಡು, ಎಣಿಸಿ ಏಳಿ.